ಯೆಜ್ಡಿ ಟ್ಯಾಂಕಿನ ತುಕ್ಕು ಕಾಕಂಬಿಯಲ್ಲಿ ಬಿಟ್ಟಿತು

ಬೈಕಿನ ಪೆಟ್ರೋಲ್ ಟ್ಯಾಂಕನ್ನು ಕಾಕಂಬಿಯಲ್ಲಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ, ದನದ ಮೇವಿಗೆ ಬೆರೆಸುವ ಕಪ್ಪು ಪಾಕದಲ್ಲಿ ನೆನೆಸಿದರೆ ತುಕ್ಕು ಬಿಡುತ್ತೆ ಅಂದಾಗ ನಕ್ಕವರೇ ಜಾಸ್ತಿ. ಪೇಂಟರ್ ಅಂತೂ, "ಏನ್ಸಾಮಿ, ಗಾಡಿಗೂ ಹಿಂಡಿ-ಬೂಸಾ ತಿನ್ನಿಸ್ತೀರಾ?" ಅಂತ ಕೇಳಿದ. ಈಗ ಅದೇ ಗಾಡಿ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತಿದೆ. ಪೆಟ್ರೋಲ್ ಫಿಲ್ಟರ್‌ನಲ್ಲಿ ಒಂದು ಚಿಟಿಕೆ ಕೆಂಪು ಪುಡಿ ಇಲ್ಲ.

ಗಾಡಿ ಯೆಜ್ಡಿ 250, ಬಿ ಮಾಡೆಲ್. ಮದ್ದೂರಿನ ಕಡೆ ಒಂದು ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತು. ಮೂವತ್ತು ಸಾವಿರದ ಮೇಲೆ ಸ್ವಲ್ಪ ಕೊಟ್ಟೆ. ಆರ್‌ಸಿ ಸರಿಯಾಗಿತ್ತು, ಹಾಗಾಗಿ ಚೌಕಾಸಿ ಮಾಡಲಿಲ್ಲ. ಎಂಜಿನ್ ಜಾಮ್. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ತುಕ್ಕಿನ ಚಕ್ಕೆ ಗಲಗಲ ಅನ್ನುತ್ತಿತ್ತು.

ಹೊಸ ಟ್ಯಾಂಕ್ ಹಾಕಬಹುದಿತ್ತಲ್ವಾ ಅನ್ನುತ್ತೀರಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಈಗ ನನಗೆ ತೋರಿಸಿದ್ದೆಲ್ಲ ನಕಲಿ. ತಗಡು ತೆಳು, ಬೋಲ್ಟ್ ತೂತು ಕೂರಲ್ಲ, ಅದಕ್ಕೂ ಏಳೆಂಟು ಸಾವಿರ ಹೇಳುತ್ತಾರೆ. ಒರಿಜಿನಲ್ ಬಿಡಲು ಮನಸ್ಸು ಬರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದೆರಡು ಕೆಜಿ ಹಳೆ ನಟ್ಟು, ಸ್ವಲ್ಪ ಡೀಸೆಲ್ ಹಾಕಿ, ಗೋಣಿಚೀಲ ಸುತ್ತಿ, ಟ್ಯಾಂಕನ್ನು ಟ್ರ್ಯಾಕ್ಟರ್ ಹಿಂದಿನ ಚಕ್ರಕ್ಕೆ ಕಟ್ಟಿದೆವು. ಗದ್ದೆ ಕಡೆ ಒಂದು ಸುತ್ತು ಹೋಗಿ ಬಂದ ಮೇಲೆ ತಳ ಬೆಳ್ಳಗಾಗಿತ್ತು. ಆದರೆ ಫ್ರೇಮಿನ ಮೇಲೆ ಕೂರುವ ದಿಬ್ಬದ ಎರಡೂ ಸಂದಿ ಹಾಗೇ ಇದ್ದವು. ಆಮೇಲೆ ತುಕ್ಕನ್ನೇ ಗಟ್ಟಿ ಪದರ ಮಾಡುವ ತುಕ್ಕು ಕನ್ವರ್ಟರ್ ಅಂತ ಎರಡು ಸಾವಿರದ ಡಬ್ಬ ತಂದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಕೆಂಪು. ಟಿಂಕರಿಂಗ್‌ನವರು ತಳ ಕತ್ತರಿಸಿ, ತೊಳೆದು, ಬೆಸುಗೆ ಹಾಕಿಕೊಡ್ತೀವಿ, ನಾಲ್ಕು ಸಾವಿರ ಅಂದರು. ಆ್ಯಸಿಡ್ ಹಾಕಿದರೆ ಪಕ್ಕದ ಕ್ರೋಮ್ ಹೋಗುತ್ತೆ. ದುಡ್ಡು ಖರ್ಚಾಗುತ್ತಲೇ ಇತ್ತು, ತುಕ್ಕು ಇದ್ದಲ್ಲೇ ಇತ್ತು.

ಕಬ್ಬಿನ ಊರಿನಲ್ಲಿ ಕಾಕಂಬಿಗೆ ಬರವೇ? ಪಶು ಆಹಾರದ ಅಂಗಡಿಯಲ್ಲಿ ಹದಿನೈದು ಕೆಜಿಯಷ್ಟು ತಂದೆ. ಐನೂರು ರೂಪಾಯಿ ಒಳಗೇ ಆಯಿತು. ಒಂದು ಪಾಲು ಕಾಕಂಬಿಗೆ ಎಂಟೊಂಬತ್ತು ಪಾಲು ನೀರು. ಕದಡಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದೆ. ನಾನು ಅದಕ್ಕೆ ಇನ್ನೊಂದು ಹಿಡಿ ಸೇರಿಸುತ್ತೇನೆ, ಅದು ಏನು ಅಂತ ಹೇಳಲ್ಲ. ಇಲ್ಲದಿದ್ದರೂ ಕೆಲಸ ಆಗುತ್ತೆ, ಸ್ವಲ್ಪ ನಿಧಾನ ಅಷ್ಟೇ.

ಮೊದಲು ಟೂಲ್‌ಬಾಕ್ಸಿನ ಮುಚ್ಚಳ ಮುಳುಗಿಸಿದೆ. ಒಂದೂವರೆ ವಾರ ಬಿಟ್ಟು ತೆಗೆದರೆ ಮೇಲೆಲ್ಲ ಕಪ್ಪು ಲೋಳೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಹಾಗೇ ಒರೆಸಿದೆ. ಕೆಳಗೆ ಬೂದು ಬಣ್ಣದ ಬರಿ ಕಬ್ಬಿಣ! ಬೋಲ್ಟಿನ ಥ್ರೆಡ್ ಒಂದೊಂದೂ ಎಣಿಸಬಹುದಿತ್ತು. ಟ್ಯಾಂಕಿಗೆ ಧೈರ್ಯ ಬಂದದ್ದು ಆಗಲೇ.

ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ, ಆ ತೂತಿಗೆ ಕಬ್ಬಿಣದ ಬೋಲ್ಟು ಮತ್ತು ರಬ್ಬರ್ ವಾಷರ್ ಹಾಕಿ, ಟ್ಯಾಂಕನ್ನು ಬಾಯಿತನಕ ತುಂಬಿದೆ. ಮುಚ್ಚಳ ಮಾತ್ರ ಬಿಗಿ ಮಾಡಬೇಡಿ. ಹುದುಗು ಬಂದು ಗ್ಯಾಸ್ ಕಟ್ಟುತ್ತೆ. ಸುಮ್ನೆ ಬಟ್ಟೆ ಮುಚ್ಚಿ. ಮೂರು ವಾರದ ಹತ್ತಿರ ಬಿಟ್ಟೆ, ಮಧ್ಯೆ ಒಂದು ಸಲ ನೀರು ಬದಲಾಯಿಸಿದೆ. ವಾಸನೆ ಬಗ್ಗೆ ಕೇಳಬೇಡಿ. ಗಟ್ಟಿ ಕ್ರೋಮಿಗೆ ಏನೂ ಆಗಲಿಲ್ಲ. ಅಡಿಯಲ್ಲಿ ಮೊದಲೇ ತುಕ್ಕು ಹಿಡಿದಿದ್ದ ಕಡೆ ಮಾತ್ರ ಎದ್ದು ಬಂತು. ಅದು ಹೇಗೂ ಹೋಗುವುದೇ ಇತ್ತು.

ಖಾಲಿ ಮಾಡಿದ ಮೇಲಿನ ಅರ್ಧ ಗಂಟೆಯೇ ಮುಖ್ಯ. ಬಿಸಿನೀರು, ವಾಷಿಂಗ್ ಸೋಡಾ, ಮತ್ತೆ ಬಿಸಿನೀರು. ತಕ್ಷಣ ಹೇರ್ ಡ್ರೈಯರ್‌ನಲ್ಲಿ ಒಣಗಿಸಬೇಕು. ಅದು ತಣ್ಣಗಾದ ಮೇಲೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಜಾಸ್ತಿ ಹಾಕಿದ ಪೆಟ್ರೋಲ್ ಹಾಕಿ ತಿರುಗಿಸಬೇಕು. ತಡ ಮಾಡಿದರೆ ಕಣ್ಣೆದುರೇ ಕೆಂಪಾಗುತ್ತೆ.

ಈ ಖುಷಿಯಲ್ಲಿ ಏನೇನೋ ಹಾಕಿ ನೋಡಿದೆ. ಕೆಟ್ಟ ಬೆಲ್ಲ ಕರಗಿಸಿದ ನೀರಲ್ಲೂ ತುಕ್ಕು ಬಿಡುತ್ತೆ, ಆದರೆ ನಿಧಾನ, ಇರುವೆ ಬೇರೆ. ಸಣ್ಣ ನಟ್ಟು-ಬೋಲ್ಟಿಗೆ ಹುಣಸೆಹುಳಿಯೇ ಚೆನ್ನ, ರಾತ್ರಿ ನೆನೆಸಿದರೆ ಬೆಳಿಗ್ಗೆ ರೆಡಿ. ಮುರಿದ ಅಲ್ಯುಮಿನಿಯಂ ಲಿವರ್ ಒಂದನ್ನು ಬೇಕಂತಲೇ ಡ್ರಮ್ಮಿಗೆ ಹಾಕಿದ್ದೆ, ಕಪ್ಪಾಗಿ ಗುಳಿ ಬಿತ್ತು. ಕಾರ್ಬೊರೇಟರ್ ಅದರ ಹತ್ತಿರಕ್ಕೂ ತರಬೇಡಿ.

ಜಾಮ್ ಆಗಿದ್ದ ಎಂಜಿನ್ ಕಥೆ ಚಿಕ್ಕದಾಗಿ ಹೇಳುತ್ತೇನೆ. ಪ್ಲಗ್ ತೂತಿನಲ್ಲಿ ಡೀಸೆಲ್ ಬಿಟ್ಟು ಪಿಸ್ಟನ್ ಬಿಡಿಸಿದೆ, ಸಿಲಿಂಡರ್ ಒಳಗೆ ಕೊರೆಸಿ ಬೋರ್ ಮಾಡಿಸಿದೆ, ಕ್ರ್ಯಾಂಕ್ ರಿಪೇರಿಗೆ ಮೈಸೂರಿಗೆ ಹೋಯಿತು. ಮೊದಲು ಹಾಕಿದ ಅಗ್ಗದ ಆಯಿಲ್ ಸೀಲ್ ಕ್ಲಚ್ ಕಡೆ ಕೈಕೊಟ್ಟಿತು. ಎಂಜಿನ್ ಗೇರ್‌ಬಾಕ್ಸ್ ಆಯಿಲನ್ನು ಒಳಕ್ಕೆ ಎಳೆದುಕೊಂಡು ಬೀದಿ ತುಂಬ ಹೊಗೆ. ಮತ್ತೆ ಬಿಚ್ಚಬೇಕಾಯಿತು. ಎಂಜಿನ್ನಿಗೆ ಹದಿನೈದು ಸಾವಿರದಷ್ಟು, ಎರಡು ಸೈಲೆನ್ಸರ್ ಕ್ರೋಮಿಗೆ ಒಂಬತ್ತೋ ಹತ್ತೋ ಸಾವಿರ. ಪೇಂಟು, ಟೈರು, ವೈರಿಂಗ್ ಎಲ್ಲ ಸೇರಿ ಗಾಡಿ ಬೆಲೆ ಬಿಟ್ಟು ಐವತ್ತು ಸಾವಿರ ದಾಟಿತು. ಅದರಲ್ಲಿ ಕಾಕಂಬಿಯದು ಎರಡು ಸಲ ತಂದರೂ ಸಾವಿರ ಮುಟ್ಟಿಲ್ಲ.

ಡ್ರಮ್ಮಿನಲ್ಲಿ ಈಗ ಗೆಳೆಯನ ಜಾವಾದ ಸ್ಟ್ಯಾಂಡ್ ಬಿದ್ದಿದೆ. ನೀವು ಮಾಡುವುದಾದರೆ ಡ್ರಮ್ಮಿನ ಬಾಯಿಗೆ ಹಳೆ ಸೊಳ್ಳೆಪರದೆ ಕಟ್ಟಿ. ನೊಣ ಬರಲ್ಲ, ಮನೆಯಲ್ಲಿ ಬೈಗುಳವೂ ಸ್ವಲ್ಪ ಕಡಿಮೆ.