ಲೆಗೊ ಲೋಲಕ ಗಡಿಯಾರ: ಕಟ್ಟುವ ಬಗೆ, ಇನ್ನೊಬ್ಬರೂ ಕಟ್ಟುವಂತೆ ಬರೆಯುವ ಬಗೆ

ಲೆಗೊ ಇಟ್ಟಿಗೆಯಲ್ಲಿ ಮನೆಯನ್ನೋ ಕಾರನ್ನೋ ಕಟ್ಟುವ ಕೈಪಿಡಿಗೆ ಚಿತ್ರಗಳಷ್ಟೇ ಸಾಕು. ಕೊನೆಯ ತುಂಡು ಕೂತರೆ ಕೆಲಸ ಮುಗಿಯಿತು. ಗಡಿಯಾರ ಹಾಗಲ್ಲ, ಕೊನೆಯ ತುಂಡು ಕೂತ ಮೇಲೆ ಅದು ಓಡಬೇಕು. ಚಿತ್ರ ನೋಡಿ ಒಂದೂ ತಪ್ಪಿಲ್ಲದೆ ಜೋಡಿಸಿದ ಗಡಿಯಾರವೂ ಹತ್ತು ನಿಮಿಷಕ್ಕೆ ನಿಂತುಬಿಡುತ್ತದೆ. ಗಿಯರ್ ಕೂರುವ ಕಡ್ಡಿ, ಅಂದರೆ ಆಕ್ಸಲ್, ಎಷ್ಟು ಸಡಿಲವಿರಬೇಕು, ಗಡಿಯಾರ ಓಡಿಸಲು ದಾರಕ್ಕೆ ಎಷ್ಟು ತೂಕ ಕಟ್ಟಬೇಕು, ಟಿಕ್‌ಗೂ ಟಾಕ್‌ಗೂ ನಡುವೆ ಎಷ್ಟು ಬಿಡುವಿರಬೇಕು ಎನ್ನುವುದು ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಮಾತಿನಲ್ಲಿ, ಅಂಕಿಯಲ್ಲಿ ಬರೆಯಬೇಕು. ಇಲ್ಲಿ ಒಂದು ಗಡಿಯಾರವನ್ನು ಪೂರ್ತಿ ಕಟ್ಟೋಣ, ಕೈಪಿಡಿಯಲ್ಲಿ ಯಾವುದನ್ನು ಬಿಡಬಾರದು ಎಂಬುದನ್ನೂ ಜೊತೆಜೊತೆಗೇ ನೋಡೋಣ.

ಮೊದಲು ಲೆಕ್ಕ

ಗಿಯರ್, ಆಕ್ಸಲ್‌ಗಳಿರುವ ಲೆಗೊ ಟೆಕ್ನಿಕ್ ಸರಣಿಯಲ್ಲಿ ಸುಲಭವಾಗಿ ಸಿಗುವ ನೇರ ಗಿಯರ್‌ಗಳು ನಾಲ್ಕು: 8, 16, 24, 40 ಹಲ್ಲಿನವು. ಎರಡು ಗಿಯರ್ ಕೂಡಿಕೊಳ್ಳಲು ಅವುಗಳ ಆಕ್ಸಲ್‌ಗಳು ಎಷ್ಟು ದೂರವಿರಬೇಕು ಎಂದು ತಿಳಿಯಲು ಎರಡರ ಹಲ್ಲುಗಳನ್ನು ಕೂಡಿಸಿ 16ರಿಂದ ಭಾಗಿಸಿ. ಉತ್ತರ ಸ್ಟಡ್ ಲೆಕ್ಕದಲ್ಲಿ ಬರುತ್ತದೆ. ಸ್ಟಡ್ ಎಂದರೆ ಇಟ್ಟಿಗೆಯ ಮೇಲಿನ ಗುಬುಟು, ಒಂದರಿಂದ ಇನ್ನೊಂದಕ್ಕೆ 8 ಮಿ.ಮೀ. 40 ಮತ್ತು 8 ಆದರೆ 3 ಸ್ಟಡ್, 24 ಮತ್ತು 8 ಆದರೆ 2 ಸ್ಟಡ್. 16 ಮತ್ತು 8 ಆದರೆ ಒಂದೂವರೆ. ಈ ಅರ್ಧ ಮುಂದೆ ತೊಡಕು ಮಾಡುತ್ತದೆ, ಅದಕ್ಕೊಂದು ದಾರಿಯೂ ಇದೆ.

ಲೋಲಕ ತಡೆದು ತಡೆದು ಬಿಡುವ, ಗಿಯರ್ ಸಾಲಿನ ಕೊನೆಯ ಚಕ್ರವೇ ಎಸ್ಕೇಪ್ ಚಕ್ರ. ನಮ್ಮದಕ್ಕೆ 6 ಹಲ್ಲು. ಲೋಲಕ ಒಮ್ಮೆ ಹೋಗಿ ಬಂದರೆ ಒಂದು ಹಲ್ಲು ಮುಂದಕ್ಕೆ ಹೋಗುತ್ತದೆ. ಲೋಲಕದ ಅವಧಿ 1.6 ಸೆಕೆಂಡ್ ಇಟ್ಟುಕೊಂಡರೆ ಚಕ್ರ ಒಂದು ಸುತ್ತು ಬರಲು 9.6 ಸೆಕೆಂಡ್ ಬೇಕು. ನಿಮಿಷದ ಮುಳ್ಳಿಗೆ ಒಂದು ಸುತ್ತಿಗೆ 3600 ಸೆಕೆಂಡ್. 3600ನ್ನು 9.6ರಿಂದ ಭಾಗಿಸಿದರೆ 375, ಅಂದರೆ 5×5×5×3. ಮೂರು ಕಡೆ 40 ಹಲ್ಲಿನದು 8 ಹಲ್ಲಿನದನ್ನು, ಕೊನೆಗೊಮ್ಮೆ 24 ಹಲ್ಲಿನದು 8 ಹಲ್ಲಿನದನ್ನು ಓಡಿಸಿದರೆ ಇದು ಸಿಗುತ್ತದೆ. ಈ ಲೆಕ್ಕ ಕೈಪಿಡಿಯ ಮೊದಲ ಪುಟದಲ್ಲೇ ಇರಲಿ. ಬೇರೆ ಅಳತೆಯ ಲೋಲಕ ಬೇಕೆನ್ನುವವರು ಅದನ್ನು ಹಿಡಿದು ತಮ್ಮ ಗಡಿಯಾರ ತಾವೇ ರೂಪಿಸಿಕೊಳ್ಳುತ್ತಾರೆ.

ಲೋಲಕದ ಉದ್ದಕ್ಕೆ ಗುರುತ್ವದ ಬೆಲೆ ಬೇಕು. ಬೆಂಗಳೂರಿನಲ್ಲಿ ಅದು 9.78 ಮೀ/ಸೆ², 1.6 ಸೆಕೆಂಡಿಗೆ 63.4 ಸೆಂ.ಮೀ. ಉದ್ದ ಬರುತ್ತದೆ. ಲೆಗೊ ಹುಟ್ಟಿದ ಡೆನ್ಮಾರ್ಕ್‌ನ ಬಿಲುಂಡ್‌ನಲ್ಲಿ ಗುರುತ್ವ ಸುಮಾರು 9.815. ಅಲ್ಲಿ ಸರಿಹೊಂದಿಸಿದ ಲೋಲಕವನ್ನು ಬೆಂಗಳೂರಿಗೆ ತಂದು ತೂಗುಹಾಕಿದರೆ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತದೆ. ಆದ್ದರಿಂದ ಉದ್ದ ಬರೆಯುವಾಗ ಯಾವ ಊರಿನಲ್ಲಿ ಅಳೆದದ್ದು ಎಂದೂ ಬರೆಯಿರಿ.

ಸಾಮಾನು

40 ಹಲ್ಲಿನ ಗಿಯರ್ 3 (ತುಂಡಿನ ಸಂಖ್ಯೆ 3649), 24 ಹಲ್ಲಿನದು 4 (3648), 24 ಹಲ್ಲಿನದೇ ಜಾರುವ ಕ್ಲಚ್ ಗಿಯರ್ 1, 16 ಹಲ್ಲಿನದು 2 (4019), 8 ಹಲ್ಲಿನದು 7 (3647). 120 ಡಿಗ್ರಿ ಅಂತರದಲ್ಲಿ ಮೂರು ಕೈಗಳಿರುವ ಹಬ್ 2. ಒಳಗೆ ಆಕ್ಸಲ್ ತೂತಿರುವ 2×2 ದುಂಡು ಇಟ್ಟಿಗೆ 2. ಆಕ್ಸಲ್, ಬುಶ್ (ಆಕ್ಸಲ್ ಜಾರದಂತೆ ತಡೆಯುವ ಉಂಗುರ), ಟೆಕ್ನಿಕ್ ಇಟ್ಟಿಗೆ (ಬದಿಯಲ್ಲಿ ತೂತಿರುವುದು), ಬೀಮ್ (ಉದ್ದಕ್ಕೂ ತೂತಿರುವ ಪಟ್ಟಿ) ಬೇಕಾದಷ್ಟು. ಎರಡು ಮೀಟರ್ ತೆಳು ನೈಲಾನ್ ದಾರ, ಎರಡು ಲೀಟರಿನ ಖಾಲಿ ಬಾಟಲಿ, 25 ಹತ್ತು ರೂಪಾಯಿ ನಾಣ್ಯ.

ಪಟ್ಟಿಯಲ್ಲಿ ಬಣ್ಣ ಹೇಳಬೇಕಾದ ಅಗತ್ಯ ಸಾಮಾನ್ಯವಾಗಿ ಇಲ್ಲ, ತೂತಿಗೆ ತೂತು ಕೂಡಿಸುವ ಪಿನ್‌ಗಳ ವಿಷಯದಲ್ಲಿ ಮಾತ್ರ ಹೇಳಲೇಬೇಕು. ಕಪ್ಪು ಪಿನ್ ಬಿಗಿಯಾಗಿ ಕೂರುತ್ತದೆ, ಬೂದು ಪಿನ್ ಸಲೀಸಾಗಿ ತಿರುಗುತ್ತದೆ. ಚೌಕಟ್ಟಿಗೆ ಕಪ್ಪು, ತಿರುಗುವ ಕಡೆ ಆಕ್ಸಲ್ ಅಥವಾ ಬೂದು. ಇದನ್ನು ಅದಲುಬದಲು ಮಾಡಿದರೆ ಗಡಿಯಾರ ಅಲ್ಲಾಡುವುದೂ ಇಲ್ಲ.

ಗಿಯರ್ ಸಾಲು

ಎರಡು ಬದಿಯ ಚೌಕಟ್ಟು ಮೊದಲು ಕಟ್ಟಿ, ನಾಲ್ಕೂ ಮೂಲೆಗೆ ಅಡ್ಡ ಬೀಮ್ ಕೊಡಿ. ಚೌಕಟ್ಟು ಒಂದಿಷ್ಟು ತಿರುಚಿದರೂ ಎದುರುಬದುರು ತೂತುಗಳು ಒಂದೇ ಗೆರೆಯಲ್ಲಿ ಇರುವುದಿಲ್ಲ, ಆಕ್ಸಲ್ ಹಿಡಿದುಕೊಳ್ಳುತ್ತದೆ.

ಆಕ್ಸಲ್‌ಗಳನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದನ್ನೂ ಪರೀಕ್ಷಿಸಿ. ಬುಶ್ ಒತ್ತುವಾಗ ಬೀಮ್‌ಗೂ ಬುಶ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಒತ್ತಿ, ಆಮೇಲೆ ಕಾರ್ಡ್ ಎಳೆದುಬಿಡಿ. ಅಷ್ಟು ಸಂದು ಸಾಕು. 40 ಹಲ್ಲಿನ ಗಿಯರನ್ನು ಬೆರಳಿನಿಂದ ಚಿಮ್ಮಿದರೆ ಅದು ಒಂದೆರಡು ಸುತ್ತು ತಾನಾಗಿ ತಿರುಗಿ ಮೆಲ್ಲಗೆ ನಿಲ್ಲಬೇಕು. ಗಕ್ಕನೆ ನಿಂತರೆ ಬುಶ್ ಬಿಗಿಯಾಗಿದೆ, ಇಲ್ಲವೇ ಆಕ್ಸಲ್ ಬಾಗಿದೆ. ಆಕ್ಸಲನ್ನು ಗಾಜಿನ ಮೇಲೆ ಇಟ್ಟು ನೋಡಿದರೆ ಬಾಗು ತಿಳಿಯುತ್ತದೆ. ಒಂದು ಆಕ್ಸಲ್ ಈ ಪರೀಕ್ಷೆ ದಾಟದೆ ಮುಂದಿನದನ್ನು ಹಾಕಬೇಡಿ. ಇಡೀ ಗಡಿಯಾರದಲ್ಲಿ ಅತಿ ಮುಖ್ಯವಾದ ಕೆಲಸ ಇದೇ. ಕೈಪಿಡಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಇಲ್ಲಿ ದೊಡ್ಡ ಗಿಯರ್ ಚಿಕ್ಕದನ್ನು ಓಡಿಸುತ್ತದೆ. ತೂಕದ ತಿರುಗುಬಲ ಎಸ್ಕೇಪ್ ಚಕ್ರ ಮುಟ್ಟುವಷ್ಟರಲ್ಲಿ 375ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ, ಘರ್ಷಣೆ ಅದರಲ್ಲೂ ಕಳೆಯುತ್ತದೆ. ವೇಗವಾಗಿ ತಿರುಗುವ ಕೊನೆಯ ಎರಡು ಆಕ್ಸಲ್‌ಗಳಲ್ಲಿ ಕೂದಲಿನಷ್ಟು ಬಿಗಿ ಇದ್ದರೂ ಸಾಕು, ನಿಂತುಹೋಗುತ್ತದೆ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ. ಧೂಳು ಅಂಟುತ್ತದೆ, ಕೆಲವು ಎಣ್ಣೆಗಳಿಂದ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ತೀರಾ ಬೇಕಾದರೆ ಪೆನ್ಸಿಲ್ ಸೀಸದ ಪುಡಿ ಸಾಕು.

ಎಸ್ಕೇಪ್ ಚಕ್ರ ಮತ್ತು ಆಂಕರ್

ಲೋಲಕದ ಜೊತೆ ಆಡುತ್ತ ಎಸ್ಕೇಪ್ ಚಕ್ರದ ಹಲ್ಲನ್ನು ಹಿಡಿದು ಬಿಡುವ ತುಂಡು ಆಂಕರ್, ಹಲ್ಲನ್ನು ಮುಟ್ಟುವ ಅದರ ಎರಡು ತುದಿಗಳು ಪ್ಯಾಲೆಟ್. ಮೊದಲು ಚಕ್ರ. ಆಕ್ಸಲ್‌ನ ಅಡ್ಡಕೊಯ್ತ ಕೂಡು ಚಿಹ್ನೆಯಂತಿರುವುದರಿಂದ ಯಾವ ತುಂಡನ್ನಾದರೂ ಅದರ ಮೇಲೆ ನಾಲ್ಕೇ ದಿಕ್ಕಿನಲ್ಲಿ ಕೂರಿಸಬಹುದು. ಮೂರು ಕೈಗಳ ಹಬ್‌ಗೆ ಇದೇ ಅನುಕೂಲ. ಒಂದನ್ನು ಹೇಗಿದೆಯೋ ಹಾಗೆ ಹಾಕಿ, ಎರಡನೆಯದನ್ನು 180 ಡಿಗ್ರಿ ತಿರುಗಿಸಿ ಅದರ ಬೆನ್ನಿಗೆ ಹಾಕಿ. ಎರಡನೆಯದರ ಕೈಗಳು ಮೊದಲನೆಯದರ ಸಂದುಗಳ ಸರಿಯಾಗಿ ನಡುವಿಗೆ ಬಂದು 60 ಡಿಗ್ರಿಗೊಂದರಂತೆ ಆರು ಹಲ್ಲು ಸಿಗುತ್ತವೆ. ಅವು ಎರಡು ಪದರದಲ್ಲಿ ಇರುವುದರಿಂದ ಪ್ಯಾಲೆಟ್‌ಗಳು 2 ಸ್ಟಡ್ ಅಗಲ ಇರಬೇಕು. ಕೈಗಳ ತುದಿಗೆ ನುಣುಪಾದ ಕನೆಕ್ಟರ್ ತೊಡಿಸಿ, ನಡುವಿನಿಂದ ತುದಿಗೆ 3 ಸ್ಟಡ್ ಬರುವಂತೆ ಮಾಡಿ. ಬರಿಯ ಆಕ್ಸಲ್ ತುದಿಯಾದರೆ ಅದರ ಗೀರು ಪ್ಯಾಲೆಟ್‌ಗೆ ಸಿಕ್ಕಿಕೊಳ್ಳುತ್ತದೆ.

ಆಂಕರ್‌ನ ಎರಡು ಪ್ಯಾಲೆಟ್‌ಗಳು ಚಕ್ರದ ಮೇಲೆ 90 ಡಿಗ್ರಿ ಅಂತರದಲ್ಲಿ ಮುಟ್ಟಬೇಕು. ಅಂದರೆ ಒಂದೂವರೆ ಹಲ್ಲಿನ ಅಂತರ. ಆ ಅರ್ಧ ಇರುವುದರಿಂದಲೇ ಒಂದು ಪ್ಯಾಲೆಟ್ ಹಲ್ಲನ್ನು ಬಿಟ್ಟಾಗ ಇನ್ನೊಂದು ಬೇರೆ ಹಲ್ಲನ್ನು ಹಿಡಿಯುತ್ತದೆ. ಆಂಕರ್‌ನ ತಿರುಗುಬಿಂದು ಚಕ್ರದ ನಡುವಿನಿಂದ ಸುಮಾರು 4 ಸ್ಟಡ್ ಮೇಲೆ. ತೂಕದ ಬದಲು ಬೆರಳಿನಿಂದ ಚಕ್ರವನ್ನು ಹಗುರವಾಗಿ ತಳ್ಳುತ್ತ ಆಂಕರನ್ನು ಆಡಿಸಿ ನೋಡಿ. ಒಮ್ಮೆ ಆಡಿಸಿದರೆ ಚಕ್ರ 30 ಡಿಗ್ರಿ ಮಾತ್ರ ತಿರುಗಬೇಕು. ಹಲ್ಲು ತಪ್ಪಿಸಿಕೊಂಡು ಚಕ್ರ ಗಿರ್ರನೆ ಓಡಿದರೆ ಆಂಕರ್ ಅರ್ಧ ಸ್ಟಡ್ ಕೆಳಗಿಳಿಯಬೇಕು, ಎರಡೂ ಕಡೆ ಸಿಕ್ಕಿ ಬಿಗಿದರೆ ಅಷ್ಟೇ ಮೇಲೇರಬೇಕು. ಕೈಪಿಡಿಗೆ ಈ ಭಾಗದ ಫೋಟೊ ಎರಡು ಬೇಕು: ಎಡ ಪ್ಯಾಲೆಟ್ ಹಿಡಿದಿರುವಾಗ ಒಂದು, ಬಲ ಪ್ಯಾಲೆಟ್ ಹಿಡಿದಿರುವಾಗ ಒಂದು.

ಲೋಲಕ

ಕಡ್ಡಿಗೆ 15 ತೂತಿನ ಬೀಮ್‌ಗಳನ್ನು ಒಂದರ ಮೇಲೊಂದು ಹಾಯಿಸಿ ಜೋಡಿಸಿ. ಕಡ್ಡಿಯ ತುದಿಯ ಭಾರದ ಗುಂಡಾಗಿ 6×6 ಸ್ಟಡ್‌ನ ಪೆಟ್ಟಿಗೆ ಕಟ್ಟಿ. ಅದರ ಒಳಗೆ 32 ಮಿ.ಮೀ. ಜಾಗ ಉಳಿಯುತ್ತದೆ, 27 ಮಿ.ಮೀ. ಅಗಲದ ಹತ್ತು ರೂಪಾಯಿ ನಾಣ್ಯ ಅದರಲ್ಲಿ ಸರಾಗವಾಗಿ ಕೂರುತ್ತದೆ. 7.71 ಗ್ರಾಂನ 25 ನಾಣ್ಯಗಳು ಸೇರಿ ಸುಮಾರು 193 ಗ್ರಾಂ. ನಾಣ್ಯ ಅಲ್ಲಾಡದಂತೆ ಕಾಗದ ತುರುಕಿ, ಒಳಗೆ ಅಲ್ಲಾಡುವ ನಾಣ್ಯ ಲೋಲಕದ ಬಲವನ್ನು ಕುಡಿಯುತ್ತದೆ.

ಕಡ್ಡಿಗೂ ತೂಕವಿರುವುದರಿಂದ ಗುಂಡಿನ ನಡುವು 63.4ರಲ್ಲಿ ಅಲ್ಲ, 64ರಿಂದ 65 ಸೆಂ.ಮೀ.ನಲ್ಲಿ ಬರುತ್ತದೆ. ಮೊದಲು 65ರಲ್ಲಿ ಇಟ್ಟು 100 ಬಾರಿ ಹೋಗಿಬರುವ ಕಾಲ ಅಳೆಯಿರಿ, 160 ಸೆಕೆಂಡ್ ಬರಬೇಕು. ಇದು ಒರಟು ಹೊಂದಿಕೆ ಅಷ್ಟೇ. ಆಮೇಲೆ ಇಡೀ ದಿನ ಓಡಿಸಿ ಫೋನಿನ ಗಡಿಯಾರಕ್ಕೆ ಹೋಲಿಸಬೇಕು. ಗುಂಡು 1 ಮಿ.ಮೀ. ಮೇಲೇರಿದರೆ ದಿನಕ್ಕೆ ಸುಮಾರು 68 ಸೆಕೆಂಡ್ ಮುಂದೆ ಹೋಗುತ್ತದೆ. ಇನ್ನೂ ನಾಜೂಕಾಗಿ ತಿದ್ದಲು ಕಡ್ಡಿಯ ನಡುಮಧ್ಯದಲ್ಲಿ ಪುಟ್ಟ ತಟ್ಟೆ ಕಟ್ಟಿ, ಅದರ ಮೇಲೆ ಚಿಕ್ಕ ತುಂಡು ಇಡಿ. ಗುಂಡು 240 ಗ್ರಾಂ ಇದ್ದರೆ ಅಲ್ಲಿಟ್ಟ ಒಂದು ಗ್ರಾಂ ದಿನಕ್ಕೆ ಸುಮಾರು 45 ಸೆಕೆಂಡ್ ಮುಂದೆ ತಳ್ಳುತ್ತದೆ. ಲಂಡನ್ನಿನ ಬಿಗ್ ಬೆನ್ ಗಡಿಯಾರವನ್ನು ತಿದ್ದುವುದೂ ಹೀಗೆಯೇ. ಅದರ ಲೋಲಕದ ಮೇಲೆ ಒಂದು ಹಳೆಯ ಪೆನ್ನಿ ಇಟ್ಟರೆ ದಿನಕ್ಕೆ 0.4 ಸೆಕೆಂಡ್ ಮುಂದೆ ಹೋಗುತ್ತದೆ.

ಬಿಸಿಲೇರಿದಂತೆ ಪ್ಲಾಸ್ಟಿಕ್ ಕಡ್ಡಿ ಉದ್ದವಾಗುತ್ತದೆ. 10 ಡಿಗ್ರಿ ಏರಿದರೆ ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ. ಲೋಲಕ ಬೀಸುವ ಕೋನ ಹೆಚ್ಚಾದರೂ ನಿಧಾನವಾಗುತ್ತದೆ: ನಡುವಿನಿಂದ ಒಂದೊಂದು ಬದಿಗೆ 5 ಡಿಗ್ರಿ ಬೀಸಿದರೆ ದಿನಕ್ಕೆ 41 ಸೆಕೆಂಡ್, 10 ಡಿಗ್ರಿ ಬೀಸಿದರೆ 164 ಸೆಕೆಂಡ್. ಗಡಿಯಾರ ಓಡಿಸುವ ತೂಕ ಬದಲಾದರೆ ಈ ಕೋನವೂ ಬದಲಾಗುತ್ತದೆ, ಅದಕ್ಕೇ ಗಡಿಯಾರವನ್ನು ತಿದ್ದಿದ ಮೇಲೆ ಆ ತೂಕ ಬದಲಿಸಬಾರದು.

ತೂಕ, ದಾರ, ಮುಳ್ಳು

ದಾರ ಸುತ್ತುವ ಉರುಳೆಗೆ ಎರಡು ದುಂಡು ಇಟ್ಟಿಗೆ. ಇದರ ಆಕ್ಸಲ್ ಬೇರೆಯೇ ಇರಲಿ, 24ರಿಂದ 24ಕ್ಕೆ ಕೂಡಿಸಿ ನಿಮಿಷದ ಆಕ್ಸಲನ್ನು ಓಡಿಸಲಿ. ದಾರ ಸುತ್ತಬೇಕಾದಾಗ ಆಕ್ಸಲನ್ನು ಒಂದು ಸ್ಟಡ್ ಹೊರಗೆಳೆದರೆ ಗಿಯರ್ ಬಿಟ್ಟುಕೊಳ್ಳುತ್ತದೆ, ಬಾಟಲಿಯನ್ನು ಕೈಯಲ್ಲಿ ಹಿಡಿದು ಸುತ್ತಿ ಮತ್ತೆ ಒಳಗೆ ತಳ್ಳಿ. ಉರುಳೆ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ, ದಾರ ಸುತ್ತುವ ದಿಕ್ಕನ್ನು ಅದಕ್ಕೆ ತಕ್ಕಂತೆ ಇಡಬೇಕು. ಗಂಟೆಗೆ ಐದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ದಾರ ಇಳಿಯುತ್ತದೆ, ಒಂದು ದಿನಕ್ಕೆ ಸುಮಾರು 1.3 ಮೀಟರ್ ಎತ್ತರ ಬೇಕು. ಬಾಟಲಿಯ ಕೆಳಗೆ ದಿಂಬು ಇಡಿ, ಮಕ್ಕಳು ಅಲ್ಲಿ ಕೂರದಂತೆ ನೋಡಿಕೊಳ್ಳಿ.

ಬಾಟಲಿಗೆ ಒಂದು ಲೀಟರ್ ನೀರು ಹಾಕಿ ಶುರುಮಾಡಿ, ಒಂದು ಕೆ.ಜಿ. ಆಯಿತು. ಓಡದಿದ್ದರೆ 100 ಮಿ.ಲೀ. ಲೆಕ್ಕದಲ್ಲಿ ಏರಿಸಿ. ಓಡಲು ಶುರುವಾದ ತೂಕಕ್ಕೆ ಅದರ ಕಾಲು ಭಾಗ ಸೇರಿಸಿ ನಿಲ್ಲಿಸಿ. ಎರಡು ಕೆ.ಜಿ. ದಾಟಿದರೂ ಓಡುತ್ತಿಲ್ಲವೆಂದರೆ ತೂಕದಲ್ಲಿ ಕೊರತೆಯಿಲ್ಲ, ಘರ್ಷಣೆ ಹೆಚ್ಚಿದೆ. ಮತ್ತೆ ವಿಸಿಟಿಂಗ್ ಕಾರ್ಡ್ ಕೈಗೆತ್ತಿಕೊಳ್ಳಿ.

ಗಂಟೆಯ ಮುಳ್ಳಿಗೆ ಬೇರೆ ಮುಖಫಲಕ ಕೊಡುವುದು ಒಳ್ಳೆಯದು, ಒಂದೇ ನಡುವಿನಲ್ಲಿ ಎರಡು ಮುಳ್ಳು ಕೂರಿಸುವ ಗೋಜು ತಪ್ಪುತ್ತದೆ. 12ರ ಅನುಪಾತಕ್ಕೆ 8ರಿಂದ 16, ಮತ್ತೆ 8ರಿಂದ 16, ಆಮೇಲೆ 8ರಿಂದ 24. ಇಲ್ಲಿ ಬರುತ್ತದೆ ಆ ಒಂದೂವರೆ ಸ್ಟಡ್. 1×4 ಟೆಕ್ನಿಕ್ ಇಟ್ಟಿಗೆ, 1×1 ಟೆಕ್ನಿಕ್ ಇಟ್ಟಿಗೆ, ಮತ್ತೊಂದು 1×4, ಹೀಗೆ ಒಂದೇ ಸಾಲಿನಲ್ಲಿ ಇಡಿ. ಮೊದಲನೆಯದರ ಕೊನೆಯ ತೂತು, ನಡುವಿನದರ ತೂತು, ಮೂರನೆಯದರ ಮೊದಲ ತೂತು ಸರಿಯಾಗಿ ಒಂದೂವರೆ ಸ್ಟಡ್‌ಗೊಂದು ಬರುತ್ತವೆ. ಮೂರು ಜೋಡಿ ಗಿಯರ್ ಆದರೆ ಗಂಟೆಯ ಮುಳ್ಳು ಹಿಂದಕ್ಕೆ ತಿರುಗುತ್ತದೆ, ಆದ್ದರಿಂದ ಕೊನೆಯ 8ಕ್ಕೂ 24ಕ್ಕೂ ನಡುವೆ ಇನ್ನೊಂದು 24ನ್ನು ಸೇರಿಸಿ. ಅನುಪಾತ ಬದಲಾಗದು, ದಿಕ್ಕು ಸರಿಹೋಗುತ್ತದೆ. ಗಂಟೆಯ ಆಕ್ಸಲ್ ಮೇಲಿನ 24 ಕ್ಲಚ್ ಗಿಯರ್ ಆಗಿದ್ದರೆ ಮುಳ್ಳನ್ನು ಕೈಯಿಂದ ಹೊಂದಿಸಬಹುದು. ನಿಮಿಷದ ಮುಳ್ಳನ್ನು ನೀಲಿ ಆಕ್ಸಲ್-ಪಿನ್‌ಗೆ ಸಿಕ್ಕಿಸಿ, ತಳ್ಳಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮುಳ್ಳಿನ ಹಿಂಬಾಲಕ್ಕೆ ಸರಿತೂಕ ಕೊಡದಿದ್ದರೆ ಮುಳ್ಳು ಮೇಲೇರುವ ಅರ್ಧ ಗಂಟೆಯಲ್ಲಿ ಗಡಿಯಾರ ಏದುಸಿರು ಬಿಡುತ್ತದೆ.

ನಿಂತರೆ

ಕಿವಿ ಕೊಟ್ಟು ಕೇಳಿ. ಟಿಕ್-ಟಾಕ್ ಸಮವಾಗಿಲ್ಲದೆ ಟಿಕ್‌ಟಾಕ್... ಟಿಕ್‌ಟಾಕ್... ಎಂದು ಕುಂಟಿದರೆ ಆಂಕರ್ ಒಂದು ಬದಿಗೆ ವಾಲಿದೆ. ಕಾಲಿನ ಕೆಳಗೆ ಕಾಗದ ಮಡಿಸಿ ಇಟ್ಟು, ಶಬ್ದ ಸಮವಾಗುವವರೆಗೆ ಎತ್ತರಿಸಿ. ರಸಮಟ್ಟ ಸರಿಯೆಂದು ತೋರಿಸಿದರೂ ಕಿವಿಯ ಮಾತೇ ಕೊನೆ.

ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಿಲ್ಲುವ ಗಡಿಯಾರ ಇನ್ನೊಂದು ಬಗೆ. ದಾರ ಸುಮಾರು 63 ಸೆಂ.ಮೀ. ಇಳಿದಾಗ, ಅಂದರೆ ದಾರ ಸುತ್ತಿ 12 ಗಂಟೆಯ ಆಸುಪಾಸಿನಲ್ಲಿ, ತೂಗುವ ಬಾಟಲಿಯೂ ಲೋಲಕದ ಲಯಕ್ಕೇ ತೂಗತೊಡಗುತ್ತದೆ, ಲೋಲಕದ ಬಲವನ್ನೆಲ್ಲ ಹೀರಿಕೊಳ್ಳುತ್ತದೆ. ಚೌಕಟ್ಟನ್ನು ಗೋಡೆಗೆ ಬಿಗಿಯಾಗಿ ಕಟ್ಟಿದರೆ ಇದು ನಿಲ್ಲುತ್ತದೆ. ಈ ಎರಡನ್ನು ಬರೆಯದ ಕೈಪಿಡಿ ಓದಿದವರು ತಪ್ಪೇ ಇಲ್ಲದ ಗಿಯರ್‌ಗಳನ್ನು ಬಿಚ್ಚುತ್ತ ಕೂರುತ್ತಾರೆ.

ಬರೆದು ಹಂಚುವಾಗ

ಗಡಿಯಾರ ಮೂರು ದಿನ ನಿಲ್ಲದೆ ಓಡಿದ ಮೇಲಷ್ಟೇ ಬರೆಯಲು ಕೂರಿ. ದಿನಕ್ಕೆ ಒಂದೆರಡು ನಿಮಿಷದ ವ್ಯತ್ಯಾಸ ಇದ್ದರೆ ಅದು ಒಳ್ಳೆಯ ಲೆಗೊ ಗಡಿಯಾರ, ಆ ಅಂಕಿಯನ್ನು ಇದ್ದಹಾಗೇ ಬರೆಯಿರಿ. ಆಮೇಲೆ ಬಿಚ್ಚುತ್ತ ಹೋಗಿ, ಪ್ರತಿ ಹಂತಕ್ಕೂ ಫೋಟೊ ತೆಗೆದು ಕ್ರಮವನ್ನು ತಿರುವಿಹಾಕಿ. ಕಟ್ಟುವಾಗ ತೆಗೆದದ್ದಕ್ಕಿಂತ ಇದು ಸ್ವಚ್ಛವಾಗಿ ಬರುತ್ತದೆ. ಕಪ್ಪು ಪಿನ್, ಬೂದು ಗಿಯರ್ ಎರಡೂ ಕಾಣಬೇಕಾದರೆ ತಿಳಿನೀಲಿ ಅಥವಾ ಹಳದಿ ಹಾಳೆ ಹಿಂದಿರಲಿ.

ಕಂಪ್ಯೂಟರಿನಲ್ಲಿ ಲೆಗೊ ಜೋಡಿಸುವ ಬ್ರಿಕ್‌ಲಿಂಕ್ ಸ್ಟುಡಿಯೊ ತಂತ್ರಾಂಶದಲ್ಲಿ ಮಾದರಿ ಮಾಡಿದರೆ ತುಂಡಿನ ಪಟ್ಟಿ ತಾನಾಗಿ ಸಿಗುತ್ತದೆ. ಆದರೆ ಪರದೆಯ ಮೇಲೆ ಘರ್ಷಣೆ ಇರುವುದಿಲ್ಲ, ಅಲ್ಲಿ ಸರಿಯಾಗಿ ಕಂಡದ್ದನ್ನು ಕೈಯಲ್ಲಿ ಕಟ್ಟಿ ನೋಡದೆ ಹಂಚಬಾರದು. ಕನ್ನಡದಲ್ಲಿ ಬರೆಯುವಾಗ ಗಿಯರ್‌ಗೆ, ಬುಶ್‌ಗೆ ಹೊಸ ಪದ ಹುಡುಕುವ ಬದಲು ಹಲ್ಲಿನ ಎಣಿಕೆ ಮತ್ತು ತುಂಡಿನ ಸಂಖ್ಯೆ ಕೊಡಿ. ಅಂಗಡಿಯಲ್ಲಿ ಹುಡುಕುವವರಿಗೆ ಬೇಕಾದದ್ದು ಅದೇ. ಎಸ್ಕೇಪ್‌ಮೆಂಟ್‌ನ (ಎಸ್ಕೇಪ್ ಚಕ್ರ, ಆಂಕರ್ ಜೋಡಿಯ) ವಿನ್ಯಾಸ ಬೇರೆಯವರಿಂದ ಪಡೆದದ್ದಾದರೆ ಅವರ ಹೆಸರು ಹಾಕಿ. ಓದಿದವರು ಬದಲಿಸಿ ಮತ್ತೆ ಹಂಚಬಹುದೇ ಎಂಬುದನ್ನು ಒಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸ್ಪಷ್ಟಪಡಿಸಿ. ಲೆಗೊ ಕಂಪನಿಗೂ ಈ ಕೈಪಿಡಿಗೂ ಸಂಬಂಧವಿಲ್ಲ ಎಂಬ ಸಾಲು ಇರಲಿ, ಅವರ ಲಾಂಛನ ಬಳಸಬೇಡಿ.

ಕೊನೆಯ ಪರೀಕ್ಷೆಗೆ ಗಡಿಯಾರವನ್ನು ನೋಡಿಯೇ ಇರದ ಒಬ್ಬರ ಕೈಗೆ ಕೈಪಿಡಿ ಮತ್ತು ತುಂಡುಗಳನ್ನು ಕೊಟ್ಟು, ಪಕ್ಕದಲ್ಲಿ ಮಾತಾಡದೆ ಕೂರಿ. ಅವರ ಕೈ ತಡೆದು ನಿಂತ ಕಡೆಯೆಲ್ಲ ಪುಟದ ಮೇಲೆ ಗುರುತು ಹಾಕಿ. ಆ ಜಾಗಗಳನ್ನು ತಿದ್ದಿ ಬರೆದು, ಮೇಲೆ ಆವೃತ್ತಿಯ ಸಂಖ್ಯೆಯನ್ನೂ ತಾರೀಕನ್ನೂ ಹಾಕಿ ಹಂಚಿ. ಒಂದೇ ಪ್ರಶ್ನೆ ಇಬ್ಬರಿಂದ ಬಂದರೆ ಇಬ್ಬರಿಗೂ ಬೇರೆಬೇರೆ ಉತ್ತರ ಬರೆಯುತ್ತ ಕೂರಬೇಡಿ, ಕೈಪಿಡಿಯ ಆ ಸಾಲನ್ನೇ ತಿದ್ದಿ ಮುಂದಿನ ಆವೃತ್ತಿ ಹೊರಡಿಸಿ.