ತಿಂಗಳ ಮೊದಲ ವಾರದಲ್ಲಿ ಬರಿದಾಗುವ ರ‍್ಯಾಕ್: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ಬಹುಕಾಲದಿಂದ ಸೂಪರ್ ಮಾರ್ಕೆಟ್ ನಡೆಸುತ್ತಿರುವ ನಾನು, ಗಿರಾಕಿಗಳು ಮನೆಯಿಂದ ಬರೆದು ತರುವ ತಿಂಗಳ ಸಾಮಾನಿನ ಚೀಟಿಯನ್ನು ಗಮನವಿಟ್ಟು ಓದುತ್ತೇನೆ. ಚಹಾಪುಡಿ, ಟೂತ್‌ಪೇಸ್ಟ್, ಬಟ್ಟೆ ಸೋಪು, ತುಪ್ಪ ಇವುಗಳಿಗೆ ಬ್ರ್ಯಾಂಡಿನ ಹೆಸರನ್ನೇ ಬರೆದಿರುತ್ತಾರೆ. ತೊಗರಿಬೇಳೆ, ಸಕ್ಕರೆ, ಅಡುಗೆ ಎಣ್ಣೆಯ ಮುಂದೆ ಅಳತೆ ಮಾತ್ರ ಇರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಸೂರ್ಯಕಾಂತಿ ಎಣ್ಣೆಯ ಆಮದಿಗೆ ಪೆಟ್ಟು ಬಿದ್ದು ಬೆಲೆ ಏರಿದಾಗ, ವರ್ಷಗಟ್ಟಲೆ ಒಂದೇ ಎಣ್ಣೆಯನ್ನು ಒಯ್ಯುತ್ತಿದ್ದವರು ಲೀಟರಿಗೆ ಕೆಲವೇ ರೂಪಾಯಿ ಕಡಿಮೆಯಿದ್ದ ಪೊಟ್ಟಣದತ್ತ ಹೊರಳಿದರು. ಅದೇ ಮನೆಗಳ ಚೀಟಿಯಲ್ಲಿ ಚಹಾಪುಡಿಯ ಹೆಸರು ಮಾತ್ರ ಬದಲಾಗಲಿಲ್ಲ.

ಹೀಗೆ ಹೆಸರು ಬರೆದು ತರುವವರನ್ನೂ ದೊಡ್ಡ ಬ್ರ್ಯಾಂಡುಗಳು ಕಳೆದುಕೊಳ್ಳುತ್ತವೆ, ಮತ್ತು ನಾನು ಕಂಡಂತೆ ಅದಕ್ಕೆ ಮುಖ್ಯ ಕಾರಣ ರ‍್ಯಾಕಿನಲ್ಲಿ ಮಾಲು ಇಲ್ಲದಿರುವುದು. ಸಂಬಳ ಬಂದ ಮೊದಲ ವಾರದಲ್ಲಿ ನಮ್ಮ ಬಡಾವಣೆಯ ಮನೆಗಳು ತಿಂಗಳಿಗಾಗುವಷ್ಟು ಕೊಳ್ಳುತ್ತವೆ. ಕಂಪನಿಯ ಸೇಲ್ಸ್‌ಮನ್‌ಗಾದರೋ ಟಾರ್ಗೆಟ್ ಮುಗಿಯುವುದು ತಿಂಗಳ ಕೊನೆಯಲ್ಲಿ. ಆಗ ಸ್ಕೀಮ್, ಅಂದರೆ ಅಂಗಡಿಯವರಿಗೆ ಹೆಚ್ಚುವರಿ ರಿಯಾಯಿತಿ, ಕೊಟ್ಟು ನಿಧಾನವಾಗಿ ಹೋಗುವ ಮಾಲನ್ನೂ ಅಂಗಡಿಗೆ ಇಳಿಸುತ್ತಾರೆ, ಜನ ಬರುವ ಹೊತ್ತಿಗೆ ಓಡುವ ಮಾಲು ಡಿಸ್ಟ್ರಿಬ್ಯೂಟರ್ ಬಳಿಯೂ ಇರುವುದಿಲ್ಲ. "ಅದು ಇಲ್ವಾ? ಹೋಗ್ಲಿ, ಪಕ್ಕದ್ದೇ ಕೊಡಿ" ಎಂದು ಒಯ್ದವರಲ್ಲಿ ಹಲವರ ಮುಂದಿನ ಚೀಟಿಯಲ್ಲಿ ಪಕ್ಕದ್ದರ ಹೆಸರಿರುತ್ತದೆ. ಒಂದು ಮನೆಯ ಅಡುಗೆಮನೆಯೊಳಗೆ ಕಾಲಿಡಲು ಪ್ರತಿಸ್ಪರ್ಧಿಗೆ ಇದಕ್ಕಿಂತ ಸುಲಭದ ಅವಕಾಶ ಬೇರೆ ಸಿಗಲಾರದು.

ದೀರ್ಘಕಾಲದ ಗೈರುಹಾಜರಿಯನ್ನೂ ನಾನು ನೋಡಿದ್ದೇನೆ. 2015ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶದಿಂದ ಮ್ಯಾಗಿ ದೇಶದ ಎಲ್ಲ ಅಂಗಡಿಗಳಿಂದ ಮರೆಯಾಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು, ಮರುಪರೀಕ್ಷೆಗಳ ಬಳಿಕ ನವೆಂಬರ್‌ನಲ್ಲಿ ಮಾರಾಟ ಮತ್ತೆ ಶುರುವಾಯಿತು. ನಮಗೆ ಸಮೀಪದ ನಂಜನಗೂಡಿನ ಕಾರ್ಖಾನೆಯೂ ಉತ್ಪಾದನೆಯನ್ನು ಪುನರಾರಂಭಿಸಿದವುಗಳಲ್ಲಿ ಒಂದು. ಮಕ್ಕಳು ನೂಡಲ್ಸ್ ಎಂಬುದನ್ನೇ ಆ ಹೆಸರಿನಿಂದ ಕರೆಯುತ್ತಿದ್ದರಿಂದ ಅದು ಬೇಗ ಚೇತರಿಸಿಕೊಂಡಿತು. ಆದರೂ ಆ ಅವಧಿಯಲ್ಲಿ ರುಚಿ ಹತ್ತಿಸಿಕೊಂಡ ಇತರ ನೂಡಲ್ಸ್‌ಗಳ ಮಾರಾಟ ನನ್ನ ಅಂಗಡಿಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯಲೇ ಇಲ್ಲ, ಅವುಗಳಿಗೆ ಕೊಟ್ಟಿದ್ದ ಜಾಗವನ್ನು ನಾನು ಪೂರ್ತಿಯಾಗಿ ಹಿಂತೆಗೆದುಕೊಳ್ಳಲೂ ಇಲ್ಲ.

ಅಂದಿನಿಂದ ಜಾಗ ಹಂಚುವ ಕ್ರಮವನ್ನೇ ಬದಲಿಸಿದೆ. ಕಂಪ್ಯೂಟರಿನ ಸ್ಟಾಕ್ ಲೆಕ್ಕವೊಂದನ್ನೇ ನೆಚ್ಚದೆ, ಏಕೆಂದರೆ ಗೋದಾಮಿನಲ್ಲಿ ಉಳಿದ ಪೆಟ್ಟಿಗೆಯನ್ನೂ ಅದು ಇದೆಯೆಂದೇ ತೋರಿಸುತ್ತದೆ, ಸಂಜೆ ಜನಜಂಗುಳಿಗೆ ಮೊದಲು ರ‍್ಯಾಕುಗಳ ನಡುವೆ ನಾನೇ ನಡೆದು ಬರಿದಾದ ಸ್ಥಳಗಳನ್ನು ಬರೆದುಕೊಳ್ಳುತ್ತೇನೆ. ಕಣ್ಣಿನ ಎತ್ತರದ ಸಾಲು ಯಾರಿಗೆಂದು ಹೆಚ್ಚು ಸ್ಕೀಮ್ ನೋಡಿ ನಿರ್ಧರಿಸುವುದಿಲ್ಲ. ಮೊದಲ ವಾರದಲ್ಲಿ ಮಾಲು ತಪ್ಪಿಸದವರಿಗೆ ಅದು ಸಲ್ಲುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತು, ನೂಡಲ್ಸ್‌ಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಾಗಲೂ ಇದೇ ಅಳತೆಗೋಲು ಕೆಲಸಕ್ಕೆ ಬಂತು. ಇಳಿದ ಬೆಲೆಯ ಪಟ್ಟಿಯನ್ನು ಮೊದಲೇ ತಲುಪಿಸಿ, ಹಳೆಯ ದಾಸ್ತಾನಿನ ಬೆಲೆ ವ್ಯತ್ಯಾಸವನ್ನು ತಾವೇ ಭರಿಸುವುದಾಗಿ ಹೇಳಿದ ಕಂಪನಿಗಳ ಮಾಲನ್ನು ನಾನು ಧೈರ್ಯವಾಗಿ ತುಂಬಿಸಿಕೊಂಡೆ. ಉತ್ತರ ಕೊಡಲು ತಡಮಾಡಿದವರ ಆರ್ಡರನ್ನು ತಡೆಹಿಡಿದೆ, ದಸರೆಯ ವ್ಯಾಪಾರದಲ್ಲಿ ಅವರ ಸಾಲುಗಳಲ್ಲಿ ಬೇರೆಯವರ ಪೊಟ್ಟಣಗಳು ಮಾರಾಟವಾದವು.