ರೇಸ್ ಕುದುರೆಯ ಫಾರ್ಮ್ ಓದುವ ಬಗೆ

ದಾವಣಗೆರೆಯಿಂದ ಬೆಂಗಳೂರಿನ ರೇಸ್ ಕೋರ್ಸಿಗೆ ರೈಲಿನಲ್ಲಿ ಹೊರಟವರು ಅರಸೀಕೆರೆ ದಾಟುವಷ್ಟರಲ್ಲಿ ರೇಸ್ ಪುಸ್ತಕವನ್ನು ನಿಧಾನವಾಗಿ ಓದಿಕೊಳ್ಳಬೇಕು. ಕುದುರೆಯ ಹೆಸರಿನ ಬಳಿಯ 3-1-2ರಂತಹ ಅಂಕಿಗಳು ಹಿಂದಿನ ಓಟಗಳಲ್ಲಿ ಅದು ಪಡೆದ ಸ್ಥಾನಗಳು; ಇದೇ ಅದರ ಫಾರ್ಮ್. ಆದರೆ ಸ್ಥಾನವೊಂದನ್ನೇ ನಂಬಬಾರದು. 1200 ಮೀಟರಿನಲ್ಲಿ ಗೆದ್ದ ಕುದುರೆ 1600 ಮೀಟರಿನ ಕೊನೆಯಲ್ಲಿ ದಣಿಯಬಹುದು. ಹ್ಯಾಂಡಿಕ್ಯಾಪ್ ಓಟದಲ್ಲಿ (ಕುದುರೆಗಳ ಸಾಮರ್ಥ್ಯಕ್ಕೆ ತಕ್ಕಂತೆ ಬೇರೆ ಬೇರೆ ತೂಕ ಹೊರಿಸುವ ಓಟ) ಗೆದ್ದ ಕುದುರೆಯ ರೇಟಿಂಗ್, ಅಂದರೆ ಸಾಮರ್ಥ್ಯದ ಅಂಕ, ಸಾಮಾನ್ಯವಾಗಿ ಏರುವುದರಿಂದ, ಮುಂದಿನ ಸಲ ಅದೇ ಎದುರಾಳಿಗಳ ನಡುವೆ ಅದು ಹೆಚ್ಚು ತೂಕ ಹೊರಬೇಕಾಗುತ್ತದೆ. ಆದ್ದರಿಂದ ಕಳೆದ ಸಲ ಅದರ ಹಿಂದೆ ಅರ್ಧ ಲೆಂಗ್ತ್ (ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಸೋತು, ಈಗ ಅದಕ್ಕೆ ಹೋಲಿಸಿದರೆ 3 ಕೆ.ಜಿ. ಅನುಕೂಲ ಪಡೆದಿರುವ ಕುದುರೆಗೇ ನಾನು ಮೊದಲು ಗುರುತು ಹಾಕುತ್ತೇನೆ. ಜಾಕಿ ಯಾರೆಂಬುದು ಆಮೇಲಿನ ಮಾತು. ಪ್ಯಾಡಕ್‌ನಲ್ಲಿ (ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಅಂಗಳ) ಓಟಕ್ಕೆ ಮುಂಚೆಯೇ ಹಿಂಗಾಲುಗಳ ನಡುವೆ ಬೆವರಿನ ಬಿಳಿ ನೊರೆ ಕಟ್ಟಿದ್ದು, ಕುದುರೆ ತಲೆ ಕೊಡವುತ್ತಿದ್ದರೆ ಆ ಗುರುತನ್ನು ಅಳಿಸಿಬಿಡಿ.